ಅಗ್ಗದ ಎಣ್ಣೆ ಕೈಬಿಟ್ಟಾಗ: ಕ್ಯೂಬಾ ಕಲಿಸುವ ಪಾಠ



ನಿಮ್ಮ ಮನೆಯಲ್ಲಿ ಈ ಹೊತ್ತು ಬೆಂದ ಅನ್ನ ಎಲ್ಲಿಂದ ಬಂತು ಎಂದು ಯೋಚಿಸಿದ್ದೀರಾ? ಗದ್ದೆ ಉತ್ತದ್ದು ಟ್ರ್ಯಾಕ್ಟರು ಅಥವಾ ಟಿಲ್ಲರು. ಅದು ಕುಡಿದದ್ದು ಡೀಸೆಲ್. ಪೈರಿಗೆ ಹಾಕಿದ ಯೂರಿಯಾ ಕಾರ್ಖಾನೆಯಲ್ಲಿ ನೈಸರ್ಗಿಕ ಅನಿಲದಿಂದ ತಯಾರಾದದ್ದು. ಅಕ್ಕಿಯನ್ನು ಗಿರಣಿಯಿಂದ ಅಂಗಡಿಗೆ ತಂದದ್ದು ಲಾರಿ. ತುಂಬಿಸಿದ ಚೀಲ ಪ್ಲಾಸ್ಟಿಕ್ಕಿನದು. ಅದರ ಮೂಲವೂ ಎಣ್ಣೆಯೇ. ಕೊನೆಗೆ ಅನ್ನ ಬೇಯಿಸಿದ್ದು ಗ್ಯಾಸು. ಇಲ್ಲಿ ಎಣ್ಣೆ ಎಂದರೆ ಒಗ್ಗರಣೆಯ ಎಣ್ಣೆಯಲ್ಲ, ನೆಲದಾಳದಿಂದ ತೆಗೆಯುವ ಕಲ್ಲೆಣ್ಣೆ.

“ಪೆಟ್ರೋಲ್ ದುಬಾರಿಯಾದರೆ ಕಾರು ಇದ್ದವರಿಗೆ ಕಷ್ಟ, ನಮಗೇನಂತೆ?” ಎಂದು ಹೇಳುವವರು ನಮ್ಮಲ್ಲಿ ಅನೇಕರಿದ್ದಾರೆ. ಆದರೆ ಅಗ್ಗದ ಎಣ್ಣೆ ಒಂದು ದೇಶದ ಕೈಬಿಟ್ಟಾಗ ಅದರ ಏಟು ರಸ್ತೆಯಲ್ಲಿ ನಿಲ್ಲುವುದಿಲ್ಲ; ಊಟದ ತಟ್ಟೆಯವರೆಗೆ ಬರುತ್ತದೆ. ಆ ಏಟನ್ನು ಸಮಾಜ ಹೇಗೆ ಹಂಚಿಕೊಳ್ಳುತ್ತದೆ ಎಂಬುದರ ಮೇಲೆ ಬಡವರ ಬದುಕು ನಿಂತಿರುತ್ತದೆ. ಇದು ಬರಿಯ ಊಹೆಯಲ್ಲ. ನಮ್ಮ ಕಾಲದಲ್ಲೇ ಕೆಲವು ದೇಶಗಳು ಇದನ್ನು ಅನುಭವಿಸಿವೆ. ಅವುಗಳಲ್ಲಿ ಕ್ಯೂಬಾದ ಕಥೆಯನ್ನು ಈ ವಾರ ಸ್ವಲ್ಪ ವಿವರವಾಗಿ ನೋಡೋಣ.

ಮುಗಿಯುವುದು ಎಣ್ಣೆಯೋ, ಅಗ್ಗದ ಎಣ್ಣೆಯೋ?

ಮೊದಲು ಒಂದು ಗೊಂದಲವನ್ನು ಪರಿಹರಿಸಿಕೊಳ್ಳೋಣ. “ಇನ್ನು ಇಷ್ಟು ವರ್ಷದಲ್ಲಿ ಎಣ್ಣೆ ಮುಗಿಯುತ್ತದೆ” ಎಂಬ ಮಾತನ್ನು ನಾವು ಬಹುಕಾಲದಿಂದ ಕೇಳುತ್ತಿದ್ದೇವೆ. ಎಣ್ಣೆ ಮಾತ್ರ ಮುಗಿದಿಲ್ಲ. ಜಗತ್ತು ಇಂದು ದಿನವೊಂದಕ್ಕೆ 10 ಕೋಟಿ ಬ್ಯಾರೆಲ್‌ಗೂ ಹೆಚ್ಚು ಎಣ್ಣೆಯನ್ನು ಬಳಸುತ್ತಿದೆ. ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್.

ಆದರೆ ತೋಟಕ್ಕೆ ಹೋದವನು ಮೊದಲು ಕೈಗೆಟಕುವ ಕಾಯಿಗಳನ್ನು ಕೀಳುತ್ತಾನೆ. ಅವು ಮುಗಿದ ಮೇಲೆ ದೋಟಿ ಹಿಡಿಯುತ್ತಾನೆ. ದೋಟಿಗೂ ಎಟಕದಿದ್ದರೆ ಮರ ಹತ್ತಬೇಕು. ಕಾಯಿ ಅದೇ, ಶ್ರಮ ಮಾತ್ರ ಹೆಚ್ಚು. ಎಣ್ಣೆಯ ಕಥೆಯೂ ಹಾಗೆಯೇ. 1859ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವಿನ್ ಡ್ರೇಕ್ ಎಂಬವರು ಕೊರೆಸಿದ ಪ್ರಸಿದ್ಧ ಬಾವಿಯಲ್ಲಿ ಎಣ್ಣೆ ಸಿಕ್ಕಿದ್ದು 69 ಅಡಿ ಆಳದಲ್ಲಿ. ನಮ್ಮ ಊರುಗಳ ಎಷ್ಟೋ ಕೊಳವೆಬಾವಿಗಳು ಇದಕ್ಕಿಂತ ಆಳ! ಇಂದು ಬ್ರೆಜಿಲ್ ದೇಶವು ಸುಮಾರು ಎರಡು ಕಿಲೋಮೀಟರ್ ಆಳದ ಸಮುದ್ರದ ನೀರನ್ನೂ, ಅದರ ಕೆಳಗಿನ ದಪ್ಪನೆಯ ಉಪ್ಪಿನ ಪದರವನ್ನೂ ಸೀಳಿ ಎಣ್ಣೆ ತೆಗೆಯುತ್ತಿದೆ. ಕೆನಡಾದಲ್ಲಿ ಡಾಂಬರಿನಂಥ ಮರಳನ್ನು ಅಗೆದು ಬಿಸಿನೀರಿನಲ್ಲಿ ತೊಳೆಯುತ್ತಾರೆ. ಇಲ್ಲವೆ ನೆಲದೊಳಕ್ಕೆ ಹಬೆ ಹಾಯಿಸಿ ಕರಗಿಸುತ್ತಾರೆ. ಅಮೆರಿಕದಲ್ಲಿ ನೀರು ಮತ್ತು ಮರಳನ್ನು ಭಾರಿ ಒತ್ತಡದಿಂದ ನುಗ್ಗಿಸಿ ಬಂಡೆಯನ್ನು ಬಿರುಕುಬಿಡಿಸುತ್ತಾರೆ. ಇಂಥ ಬಾವಿಗಳ ಇಳುವರಿ ಮೊದಲ ಒಂದೆರಡು ವರ್ಷಗಳಲ್ಲೇ ತೀವ್ರವಾಗಿ ಇಳಿಯುತ್ತದೆ. ಆದ್ದರಿಂದ ಹೊಸ ಬಾವಿಗಳನ್ನು ಕೊರೆಯುತ್ತಲೇ ಇರಬೇಕು.

ಭೂವಿಜ್ಞಾನಿ ಕಿಂಗ್ ಹಬರ್ಟ್ ಅವರು 1956ರಲ್ಲಿ, ಅಮೆರಿಕದ ಎಣ್ಣೆ ಉತ್ಪಾದನೆ 1965ರಿಂದ 1970ರ ಒಳಗೆ ಶಿಖರ ಮುಟ್ಟಿ ಇಳಿಯುತ್ತದೆ ಎಂದು ಲೆಕ್ಕ ಹಾಕಿದ್ದರು. 1970ರಲ್ಲಿ ಹಾಗೆಯೇ ಆಯಿತು. ಆದರೆ ಬಂಡೆ ಬಿರುಕುಬಿಡಿಸುವ ವಿಧಾನದಿಂದ 2018ರಲ್ಲಿ ಅಮೆರಿಕ ತನ್ನ ಹಳೆಯ ದಾಖಲೆಯನ್ನು ಮೀರಿತು. ಹಾಗಾಗಿ “ಇನ್ನೇನು ಮುಗಿಯಿತು” ಎಂದವರ ಮಾತು ನಿಜವಾಗಲಿಲ್ಲ. “ಎಂದೆಂದಿಗೂ ಅಗ್ಗವಾಗಿ ಸಿಗುತ್ತದೆ” ಎಂದವರ ಮಾತೂ ನಿಜವಲ್ಲ, ಏಕೆಂದರೆ ಈ ಹೊಸ ಎಣ್ಣೆಗೆ ಹೆಚ್ಚು ಹಣ, ಹೆಚ್ಚು ಉಕ್ಕು, ಹೆಚ್ಚು ನೀರು ಬೇಕು. ಬೆಲೆಯೂ ಒಂದೇ ಸಮನೆ ಏರುವುದಿಲ್ಲ. 2008ರ ಜುಲೈನಲ್ಲಿ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿದ ಎಣ್ಣೆಯನ್ನು, 2020ರ ಏಪ್ರಿಲ್‌ನಲ್ಲಿ ಕೊರೋನಾ ಕಾಲದ ಒಂದು ದಿನ ಅಮೆರಿಕದ ಪೇಟೆಯಲ್ಲಿ ಕೈಯಿಂದ ಹಣ ಕೊಟ್ಟು ಸಾಗಹಾಕಬೇಕಾಯಿತು. ಬೆಲೆ ಇಳಿದಾಗ ನಾವು ನಿಶ್ಚಿಂತರಾಗುತ್ತೇವೆ, ಏರಿದಾಗ ಗಾಬರಿಯಾಗುತ್ತೇವೆ. ಸಿದ್ಧತೆ ಮಾತ್ರ ಎರಡೂ ಕಾಲದಲ್ಲಿ ಆಗುವುದಿಲ್ಲ.

ಒಂದು ಲೀಟರಿನೊಳಗೆ ಎಷ್ಟು ಕೂಲಿ?

ಎಣ್ಣೆಯ ನಿಜವಾದ ಬೆಲೆ ತಿಳಿಯಬೇಕಾದರೆ ಅದನ್ನು ಮನುಷ್ಯನ ದುಡಿಮೆಯೊಂದಿಗೆ ತೂಗಿ ನೋಡಬೇಕು. ಒಂದು ಲೀಟರ್ ಡೀಸೆಲ್ಲಿನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ. ಎಂಜಿನ್ನಿನಲ್ಲಿ ಹೆಚ್ಚಿನ ಪಾಲು ಶಾಖವಾಗಿ ಹೋಗಿ, ಮೂರರಲ್ಲಿ ಒಂದು ಪಾಲು, ಅಂದರೆ ಸುಮಾರು 3 ಯೂನಿಟ್ ಕೆಲಸಕ್ಕೆ ಸಿಗುತ್ತದೆ. ಗಟ್ಟಿಮುಟ್ಟಾದ ಆಳೊಬ್ಬ ದಿನವಿಡೀ ಅಗೆದರೆ, ಹೊತ್ತರೆ ಅವನಿಂದ ಸಿಗುವುದು ಸುಮಾರು ಅರ್ಧ ಯೂನಿಟ್. ಅಂದರೆ ಒಂದು ಲೀಟರ್ ಡೀಸೆಲ್ ಸುಮಾರು ಆರು ದಿನಗಳ ಆಳಿನ ಕೆಲಸಕ್ಕೆ ಸಮ. ಆರು ದಿನದ ಕೂಲಿ ಎಷ್ಟು, ಒಂದು ಲೀಟರ್ ಡೀಸೆಲ್ಲಿನ ಬೆಲೆ ಎಷ್ಟು? ನೀವೇ ಲೆಕ್ಕ ಹಾಕಿ. ದುಬಾರಿ ಎಂದು ನಾವು ಬೈಯುವ ಎಣ್ಣೆ ಕೂಡ ಎಷ್ಟು ಅಗ್ಗ ಎಂಬುದು ಆಗ ತಿಳಿಯುತ್ತದೆ.

ಈ ಅಗ್ಗದ ಆಳನ್ನು ನಂಬಿಯೇ ನಮ್ಮ ಊರುಗಳು ಹಬ್ಬಿದವು, ದೂರದ ಕೆಲಸಗಳು ಹತ್ತಿರವಾದವು, ಪಂಜಾಬಿನ ಗೋಧಿ ನಮ್ಮೂರಿಗೆ ಬಂತು. ಇದರಿಂದ ಒಳಿತೂ ಆಗಿದೆ. ಬೆನ್ನು ಮುರಿಯುವ ದುಡಿಮೆ ಎಷ್ಟೋ ಕಡಿಮೆಯಾಗಿದೆ, ಕ್ಷಾಮಪೀಡಿತ ಊರಿಗೆ ಧಾನ್ಯ ಬೇಗ ತಲುಪುತ್ತದೆ. ಆದರೆ ಈ ಆಳು ಒಂದು ದಿನ ಕೆಲಸಕ್ಕೆ ಬಾರದಿದ್ದರೆ?

ಕ್ಯೂಬಾದಲ್ಲಿ ನಡೆದದ್ದು

ಅಮೆರಿಕದ ತೆಂಕಣಕ್ಕೆ ಇರುವ ದ್ವೀಪ ರಾಷ್ಟ್ರ ಕ್ಯೂಬಾ. 1990ರಲ್ಲಿ ಅಲ್ಲಿನ ಜನಸಂಖ್ಯೆ ಒಂದು ಕೋಟಿಗಿಂತ ಸ್ವಲ್ಪ ಹೆಚ್ಚು. ಕಮ್ಯುನಿಸ್ಟ್ ಆಡಳಿತದ ಆ ದೇಶ ಸೋವಿಯತ್ ಒಕ್ಕೂಟಕ್ಕೆ ಸಕ್ಕರೆ ಕಳುಹಿಸಿ, ಬದಲಿಗೆ ಅಗ್ಗದ ದರದಲ್ಲಿ ಎಣ್ಣೆ ಪಡೆಯುತ್ತಿತ್ತು. 1989ರಲ್ಲಿ ಹೀಗೆ ಬಂದ ಎಣ್ಣೆ ಸುಮಾರು 1.3 ಕೋಟಿ ಟನ್. ಅದರ ಬಲದಿಂದ ಕ್ಯೂಬಾ ದೊಡ್ಡ ದೊಡ್ಡ ಸರ್ಕಾರಿ ಕಬ್ಬಿನ ತೋಟಗಳನ್ನು ಮಾಡಿತ್ತು. ಅಲ್ಲಿ ಟ್ರ್ಯಾಕ್ಟರು, ರಾಸಾಯನಿಕ ಗೊಬ್ಬರ, ಕೀಟನಾಶಕ ಎಲ್ಲವೂ ಧಾರಾಳ. ಆದರೆ ಜನರು ತಿನ್ನುವ ಆಹಾರದ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತಿತ್ತು.

1991ರ ಕೊನೆಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ಎರಡು ಮೂರು ವರ್ಷಗಳಲ್ಲಿ ಕ್ಯೂಬಾಕ್ಕೆ ಬರುವ ಎಣ್ಣೆ ಅರ್ಧಕ್ಕೂ ಕೆಳಗಿಳಿಯಿತು. ಮೊದಲಿನಿಂದ ಇದ್ದ ವ್ಯಾಪಾರ ದಿಗ್ಬಂಧನವನ್ನು ಅಮೆರಿಕ 1992ರಲ್ಲಿ ಇನ್ನಷ್ಟು ಬಿಗಿಮಾಡಿತು. ಇಲ್ಲಿ ಭೂಮಿಯ ಎಣ್ಣೆ ಬತ್ತಿರಲಿಲ್ಲ, ಕಾರಣ ರಾಜಕೀಯ. ಆದರೆ ಕ್ಯೂಬಾದ ಮನೆಗಳಿಗೆ ಎರಡೂ ಒಂದೇ. ಅಗ್ಗದ ಎಣ್ಣೆ ಹೋಗಿತ್ತು.

ಮುಂದೆ ಆದದ್ದನ್ನು ಗಮನವಿಟ್ಟು ನೋಡಿ. ಒಂದು ಕೊಂಡಿ ಕಳಚಿದರೆ ಸರಪಳಿ ಪೂರ್ತಿ ಬೀಳುತ್ತದೆ. ಮೊದಲು ಬಸ್ಸುಗಳು ನಿಂತವು. ಎಣ್ಣೆಯಿಂದ ನಡೆಯುವ ವಿದ್ಯುತ್ ಸ್ಥಾವರಗಳು ಸೊರಗಿ ದಿನಕ್ಕೆ ಹಲವು ಗಂಟೆ ಕರೆಂಟು ಹೋಯಿತು. ಕಾರ್ಖಾನೆಗಳು ಮುಚ್ಚಿದವು. ಡೀಸೆಲ್ ಮತ್ತು ಗೊಬ್ಬರವಿಲ್ಲದೆ ಕಬ್ಬು ಸೊರಗಿತು. 1990ರಲ್ಲಿ ಸುಮಾರು 80 ಲಕ್ಷ ಟನ್ ಇದ್ದ ಸಕ್ಕರೆ 1993ರಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಸಕ್ಕರೆ ಮಾರಿಯೇ ಎಣ್ಣೆ ಕೊಳ್ಳಬೇಕಾದ ದೇಶ ಅದು! ಎಣ್ಣೆ ಇಲ್ಲದೆ ಸಕ್ಕರೆ ಇಲ್ಲ, ಸಕ್ಕರೆ ಇಲ್ಲದೆ ಎಣ್ಣೆ ಇಲ್ಲ. 1993ರ ಹೊತ್ತಿಗೆ ದೇಶದ ಒಟ್ಟು ಆದಾಯ ಮೂರನೇ ಒಂದು ಪಾಲಿನಷ್ಟು ಕುಗ್ಗಿತ್ತು.

ಏಟು ತಟ್ಟೆಗೆ ಬಂತು. ಒಬ್ಬರಿಗೆ ದಿನಕ್ಕೆ ಸುಮಾರು 2,900 ಕ್ಯಾಲೊರಿ ಇದ್ದ ಆಹಾರ ಸುಮಾರು 1,900ಕ್ಕೆ ಇಳಿಯಿತೆಂದು ಅಂದಾಜು. 1992–93ರಲ್ಲಿ ಒಂದು ವಿಚಿತ್ರ ಕಾಯಿಲೆ ಹರಡಿತು. ಕಣ್ಣು ಮಂಜಾಗುವುದು, ಕೈಕಾಲು ಜೋಮು ಹಿಡಿಯುವುದು. 50,000ಕ್ಕೂ ಹೆಚ್ಚು ಜನ ಅದಕ್ಕೆ ತುತ್ತಾದರು. ಆಹಾರದಲ್ಲಿ ಬಿ ಜೀವಸತ್ವಗಳ ಕೊರತೆಯೇ ಅದಕ್ಕೆ ಮುಖ್ಯ ಕಾರಣವೆಂದು ವೈದ್ಯರು ಕಂಡರು. ಸರ್ಕಾರ ದೇಶದ ಜನರಿಗೆಲ್ಲ ಜೀವಸತ್ವದ ಮಾತ್ರೆ ಹಂಚಿದ ಮೇಲೆ ಅದು ತಗ್ಗಿತು.

ಸಮಾಜವೂ ಬಿರುಕುಬಿಟ್ಟಿತು. 1993ರಲ್ಲಿ ಅಮೆರಿಕನ್ ಡಾಲರ್ ಇಟ್ಟುಕೊಳ್ಳುವುದನ್ನು ಕಾನೂನುಬದ್ಧ ಮಾಡಲಾಯಿತು. ಆಗ ಹೊರದೇಶದಲ್ಲಿ ನೆಂಟರಿದ್ದವರ ಮನೆಗೆ ಎಣ್ಣೆ, ಸಾಬೂನು, ಮಾಂಸ ಬಂತು. ಇಲ್ಲದವರು ಸಾಲಿನಲ್ಲಿ ನಿಂತರು. ವೈದ್ಯರ ಸಂಬಳಕ್ಕಿಂತ ಪ್ರವಾಸಿಗರ ಹೋಟೆಲಿನಲ್ಲಿ ಬಡಿಸುವವನ ಭಕ್ಷೀಸು ಹೆಚ್ಚಾಯಿತು. 1994ರ ಆಗಸ್ಟ್‌ನಲ್ಲಿ ರಾಜಧಾನಿ ಹವಾನಾದ ಬೀದಿಗಳಲ್ಲಿ ಜನ ಪ್ರತಿಭಟಿಸಿದರು. ಆ ವರ್ಷ 30,000ಕ್ಕೂ ಹೆಚ್ಚು ಜನ ತೆಪ್ಪಗಳನ್ನೂ ಹಳೆ ಟಯರ್ ಟ್ಯೂಬುಗಳನ್ನೂ ನಂಬಿ ಸಮುದ್ರಕ್ಕಿಳಿದು ದೇಶ ಬಿಟ್ಟರು.

ಹೇಗೆ ಉಳಿದುಕೊಂಡರು?

ಇಷ್ಟಾದರೂ ಕ್ಯೂಬಾದಲ್ಲಿ ಜನ ಹಸಿವಿನಿಂದ ಗುಂಪು ಗುಂಪಾಗಿ ಸಾಯಲಿಲ್ಲ. ಇದಕ್ಕೆ ಕಾರಣಗಳನ್ನು ನಾವು ತಿಳಿಯಬೇಕು.

ಮೊದಲನೆಯದು, ಹಂಚಿಕೆ. 1962ರಿಂದಲೇ ಅಲ್ಲಿ ಪ್ರತಿ ಮನೆಗೆ ಪಡಿತರ ಪುಸ್ತಕವಿತ್ತು. ಸಿಕ್ಕಿದ್ದು ಸಾಲುತ್ತಿರಲಿಲ್ಲ, ಆದರೆ ಇದ್ದಷ್ಟು ಎಲ್ಲರಿಗೂ ಮುಟ್ಟುತ್ತಿತ್ತು. ಚಿಕ್ಕ ಮಕ್ಕಳಿಗೆ ಹಾಲು ಕೊಡುವುದನ್ನು ಬಿಡಲಿಲ್ಲ. ಆಸ್ಪತ್ರೆ, ಶಾಲೆ ಮುಚ್ಚಲಿಲ್ಲ.

ಎರಡನೆಯದು, ಸಂಚಾರ. ಚೀನಾದಿಂದ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ ತರಿಸಿದರು. ಲಾರಿಯ ಮೂತಿಗೆ ಉದ್ದನೆಯ ಡಬ್ಬಿ ಜೋಡಿಸಿ, ಇನ್ನೂರಕ್ಕೂ ಹೆಚ್ಚು ಜನ ಹಿಡಿಯುವ ಬಸ್ಸು ಮಾಡಿದರು. ಅದರ ಬೆನ್ನಿನ ಎರಡು ಡುಬ್ಬ ನೋಡಿ ಜನ ಅದನ್ನು ‘ಒಂಟೆ’ ಎಂದು ಕರೆದರು.

ಮೂರನೆಯದು, ಬೇಸಾಯ. ಟ್ರ್ಯಾಕ್ಟರು ನಿಂತಾಗ ಎತ್ತು ಬೇಕಾಯಿತು. ಎತ್ತುಗಳನ್ನು ಪಳಗಿಸಿ ಹೂಡುವ ವಿದ್ಯೆ ಹಳೆಯ ರೈತರಲ್ಲಿ ಮಾತ್ರ ಉಳಿದಿತ್ತು. ಅವರಿಂದ ಹೊಸಬರು ಕಲಿಯಬೇಕಾಯಿತು. 1993ರಲ್ಲಿ ದೊಡ್ಡ ಸರ್ಕಾರಿ ತೋಟಗಳನ್ನು ಒಡೆದು ದುಡಿಯುವವರ ಸಹಕಾರಿ ಸಂಘಗಳಿಗೆ ಕೊಟ್ಟರು. 1994ರಲ್ಲಿ ರೈತರು ತಮ್ಮ ಬೆಳೆಯನ್ನು ಸಂತೆಯಲ್ಲಿ ಮಾರಬಹುದೆಂದು ಅನುಮತಿ ಕೊಟ್ಟರು. ಹವಾನಾ ನಗರದ ಖಾಲಿ ನಿವೇಶನಗಳಲ್ಲಿ ಮಣ್ಣು, ಎರೆಗೊಬ್ಬರ ತುಂಬಿದ ಮಡಿಗಳನ್ನು ಮಾಡಿ ಸೊಪ್ಪು ತರಕಾರಿ ಬೆಳೆದರು. ನೆರೆಯವರು ಅಲ್ಲೇ ಬಂದು ಕೊಂಡರು, ಲಾರಿಯ ಅಗತ್ಯವೇ ಬೀಳಲಿಲ್ಲ.

ಆದರೆ ಇದನ್ನು ಸುಂದರ ಕಥೆಯಾಗಿ ಮಾಡಿಕೊಳ್ಳುವುದು ತಪ್ಪು. ತರಕಾರಿ ಬೆಳೆದರೂ ಅಕ್ಕಿ, ಗೋಧಿ, ಹಾಲಿನ ಪುಡಿಗೆ ಕ್ಯೂಬಾ ಹೊರಗಿನವರನ್ನೇ ನೆಚ್ಚಿಕೊಂಡಿತು. 2000ದಲ್ಲಿ ವೆನೆಜುವೆಲಾ ಅಗ್ಗದ ದರದಲ್ಲಿ ಎಣ್ಣೆ ಕೊಡಲು ಒಪ್ಪಿತು. ಕಷ್ಟದ ದಿನಗಳು ಮುಗಿದವೆಂದು ಜನ ಉಸಿರುಬಿಟ್ಟರು. ಹಳೆಯ ವಿದ್ಯುತ್ ಸ್ಥಾವರಗಳು ಹಳೆಯದಾಗಿಯೇ ಉಳಿದವು. ವೆನೆಜುವೆಲಾವೇ ಸಂಕಟಕ್ಕೆ ಸಿಲುಕಿದಾಗ ಆ ಎಣ್ಣೆಯೂ ಕಡಿಮೆಯಾಯಿತು. 2024ರ ಅಕ್ಟೋಬರ್‌ನಲ್ಲಿ ಇಡೀ ದೇಶದ ವಿದ್ಯುತ್ ಜಾಲ ಕುಸಿದು ಕ್ಯೂಬಾ ಕತ್ತಲಾಯಿತು. ಒಂದು ಊರುಗೋಲು ಮುರಿದಾಗ ಇನ್ನೊಂದು ಊರುಗೋಲು ಹಿಡಿದವರು ಕಾಲನ್ನು ಬಲಪಡಿಸಿಕೊಳ್ಳಲಿಲ್ಲ.

ಅದೇ ಏಟು, ಬೇರೆ ಫಲ

ಸೋವಿಯತ್ ನೆರವು ನಿಂತಾಗ ಏಟು ತಿಂದ ಮತ್ತೊಂದು ದೇಶ ಉತ್ತರ ಕೊರಿಯಾ. ಅಲ್ಲಿಯೂ ಬೇಸಾಯ ರಾಸಾಯನಿಕ ಗೊಬ್ಬರವನ್ನೂ ವಿದ್ಯುತ್ ಪಂಪುಗಳನ್ನೂ ನೆಚ್ಚಿತ್ತು. ಎಣ್ಣೆ ನಿಂತಿತು, ಗೊಬ್ಬರದ ಕಾರ್ಖಾನೆಗಳು ನಿಂತವು, ಪಂಪುಗಳು ನಿಂತವು. 1991ರಲ್ಲೇ ಸರ್ಕಾರ “ದಿನಕ್ಕೆ ಎರಡೇ ಊಟ ಮಾಡೋಣ” ಎಂದು ಪ್ರಚಾರ ಮಾಡಿತು. 1995ರಲ್ಲಿ ಪ್ರವಾಹವೂ ಬಂತು. 1990ರ ದಶಕದ ಆ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು.

ಉತ್ತರ ಕೊರಿಯಾದಲ್ಲಿ ಬೆಟ್ಟಗುಡ್ಡ ಹೆಚ್ಚು, ಚಳಿ ಹೆಚ್ಚು. ಬೆಳೆಯ ಭೂಮಿ ಕಡಿಮೆ ಎಂಬುದು ನಿಜ. ಆದರೂ ಅದೊಂದೇ ಕಾರಣವಲ್ಲ. ಆಹಾರದಲ್ಲಿ ಸೈನ್ಯಕ್ಕೂ ರಾಜಧಾನಿಗೂ ಮೊದಲ ಪಾಲು. ದೂರದ ಪ್ರಾಂತಗಳ ಪಡಿತರ ನಿಂತುಹೋಯಿತು. ಜನ ಸ್ವಂತವಾಗಿ ಬೆಳೆದು ಮಾರುವುದಕ್ಕೆ, ಊರಿಂದೂರಿಗೆ ಹೋಗುವುದಕ್ಕೆ ಕಟ್ಟುಪಾಡು. ಕಷ್ಟವನ್ನು ಬಹುಕಾಲ ಹೊರಗೆ ಹೇಳಿಕೊಳ್ಳಲೂ ಇಲ್ಲ. ಎರಡೂ ದೇಶಗಳಲ್ಲಿ ಒಂದೇ ಬಗೆಯ ಆಡಳಿತ, ಒಂದೇ ಬಗೆಯ ಏಟು. ಒಂದು ಕಡೆ ಕೊರತೆಯನ್ನು ಹಂಚಿಕೊಂಡರು, ರೈತನ ಕೈಯನ್ನು ಸ್ವಲ್ಪ ಬಿಟ್ಟರು. ಇನ್ನೊಂದು ಕಡೆ ಕೊರತೆಯನ್ನು ಬಲಹೀನರ ಮೇಲೆ ನೂಕಿದರು. ಎಣ್ಣೆಯ ಕೊರತೆ ಬಡತನವನ್ನು ತರುತ್ತದೆ; ಅದು ಸಾವನ್ನು ತರುವುದು ಹಂಚಿಕೆ ಕೆಟ್ಟಾಗ.

ನಮ್ಮ ಮನೆಗೆ ಅದು ಬರುವ ದಾರಿ

ನಮ್ಮ ದೇಶ ತನಗೆ ಬೇಕಾದ ಕಚ್ಚಾ ತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಪಾಲನ್ನು ಹೊರಗಿನಿಂದ ತರುತ್ತದೆ. ಅಡಿಗೆ ಅನಿಲದಲ್ಲೂ ಅರ್ಧಕ್ಕಿಂತ ಹೆಚ್ಚು ಹೊರಗಿನದೇ. 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈಟ್‌ನ ಮೇಲೆ ದಾಳಿ ಮಾಡಿದಾಗ ಎಣ್ಣೆಯ ಬೆಲೆ ಕೆಲವೇ ತಿಂಗಳಲ್ಲಿ ಇಮ್ಮಡಿಯಾಯಿತು. ಮೊದಲೇ ಬಡವಾಗಿದ್ದ ನಮ್ಮ ವಿದೇಶಿ ವಿನಿಮಯದ ಬೊಕ್ಕಸ ಬರಿದಾಗುತ್ತಾ ಬಂತು. 1991ರಲ್ಲಿ ರಿಸರ್ವ್ ಬ್ಯಾಂಕಿನ ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್ ಮತ್ತು ಜಪಾನಿನ ಬ್ಯಾಂಕುಗಳಲ್ಲಿ ಒತ್ತೆಯಿಟ್ಟು ಸಾಲ ತರಬೇಕಾಯಿತು. ಅದೇ ಹೊತ್ತಿಗೆ ಕುವೈಟ್‌ನಲ್ಲಿ ಸಿಲುಕಿದ್ದ ಸುಮಾರು 1.7 ಲಕ್ಷ ಭಾರತೀಯರನ್ನು ವಿಮಾನಗಳಲ್ಲಿ ಕರೆತರಲಾಯಿತು. ನಮ್ಮ ಕರಾವಳಿಯ ಎಷ್ಟೋ ಮನೆಗಳು ಆ ದಿನಗಳನ್ನು ಮರೆತಿಲ್ಲ. ಎಣ್ಣೆ ಬೆಲೆ ಏರಿದರೆ ಅಡಿಗೆಮನೆಗೆ ಪೆಟ್ಟು. ತೀರ ಇಳಿದರೆ ಕೊಲ್ಲಿ ದೇಶದಲ್ಲಿರುವ ಮಗನ ಕೆಲಸಕ್ಕೆ ಪೆಟ್ಟು. ಹೀಗೆ ನಮ್ಮವರು ಎರಡು ಕಡೆಯಿಂದ ಎಣ್ಣೆಗೆ ಕಟ್ಟುಬಿದ್ದಿದ್ದಾರೆ.

ಮೀನುಗಾರರನ್ನು ಕೇಳಿ ನೋಡಿ. ಡೀಸೆಲ್ಲಿನ ಖರ್ಚು ಮೀನಿನ ಬೆಲೆಯನ್ನು ಮೀರಿದ ದಿನ ದೋಣಿ ದಡದಲ್ಲೇ ನಿಲ್ಲುತ್ತದೆ. ದೋಣಿ ನಿಂತರೆ ಮಂಜುಗಡ್ಡೆಯ ಕಾರ್ಖಾನೆ, ಮೀನು ಹೊರುವವರು, ಬುಟ್ಟಿ ಹೊತ್ತು ಮಾರುವ ಹೆಂಗಸರು ಎಲ್ಲರ ಕೆಲಸವೂ ನಿಲ್ಲುತ್ತದೆ.

ಸಿದ್ಧತೆಗಳೂ ನಡೆದಿವೆ. ಮಂಗಳೂರಿನಲ್ಲೂ ಉಡುಪಿ ಜಿಲ್ಲೆಯ ಪಾದೂರಿನಲ್ಲೂ ನೆಲದಡಿಯ ಬಂಡೆಯನ್ನು ಕೊರೆದು ಮಾಡಿದ ಗುಹೆಗಳಲ್ಲಿ ಆಪತ್ಕಾಲಕ್ಕೆಂದು ಕಚ್ಚಾ ತೈಲ ಕೂಡಿಡುವ ವ್ಯವಸ್ಥೆಯಿದೆ. ಇವೆರಡರ ಜೊತೆ ವಿಶಾಖಪಟ್ಟಣದ್ದನ್ನೂ ಸೇರಿಸಿದರೆ 53.3 ಲಕ್ಷ ಟನ್ ಹಿಡಿಯುತ್ತದೆ. ಕೇಳಲು ಬಹಳ ದೊಡ್ಡದು. ಆದರೆ ಇಡೀ ದೇಶಕ್ಕೆ ಅದು ಸುಮಾರು ಒಂಬತ್ತೂವರೆ ದಿನಗಳ ಎಣ್ಣೆ ಮಾತ್ರ. ಇದಕ್ಕಿಂತ ಗಟ್ಟಿಯಾದ ಸಿದ್ಧತೆ ಎಂದರೆ ಎಣ್ಣೆಯ ಅಗತ್ಯವನ್ನೇ ಕಡಿಮೆ ಮಾಡುವುದು. ಕೊಂಕಣ ರೈಲು ಮಾರ್ಗದಲ್ಲಿ ಸುರತ್ಕಲ್‌ನಿಂದ ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿ ಮಹಾರಾಷ್ಟ್ರಕ್ಕೆ ಒಯ್ಯುವ ಏರ್ಪಾಡು ಬಂದಿದೆ. 2022ರಲ್ಲಿ ಆ ಮಾರ್ಗ ಪೂರ್ತಿಯಾಗಿ ವಿದ್ಯುದೀಕರಣಗೊಂಡಿತು. ತುಮಕೂರು ಜಿಲ್ಲೆಯ ಪಾವಗಡದ ಬರಡು ನೆಲದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಕೇಂದ್ರ ಎದ್ದಿದೆ. ಆದರೂ ಗೊಬ್ಬರ, ಲಾರಿ, ಹಡಗು, ವಿಮಾನ ಇವುಗಳಿಗೆ ಬದಲಿ ಹುಡುಕುವುದು ಅಷ್ಟು ಬೇಗ ಆಗುವ ಕೆಲಸವಲ್ಲ. ಕೈಯಲ್ಲಿ ಎಣ್ಣೆ ಇರುವಾಗಲೇ ಬದಲಿಯನ್ನು ಕಟ್ಟಬೇಕು, ಏಕೆಂದರೆ ಸೌರ ಫಲಕ ಮಾಡಲು, ರೈಲು ಹಳಿ ಹಾಕಲು ಕೂಡ ಇಂದಿನ ಎಣ್ಣೆಯೇ ಬೇಕು.

ಪೋಪ್ ಫ್ರಾನ್ಸಿಸ್‌ರವರು 2015ರಲ್ಲಿ ಬರೆದ ‘ಲಾವ್ದಾತೊ ಸಿ’ ವಿಶ್ವಪತ್ರದಲ್ಲಿ ಕಲ್ಲಿದ್ದಲು, ಎಣ್ಣೆಗಳಿಗೆ ಬದಲಿಯನ್ನು ತಡಮಾಡದೆ ಹಂತಹಂತವಾಗಿ ತರಬೇಕೆಂದು ಹೇಳಿದ್ದಾರೆ. ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಕೇಳಬೇಕೆಂಬುದು ಆ ಪತ್ರದ ತಿರುಳು. ಕ್ಯೂಬಾ ಮತ್ತು ಕೊರಿಯಾದ ಕಥೆ ಓದಿದವರಿಗೆ ಈ ಎರಡು ಕೂಗುಗಳು ಏಕೆ ಬೇರೆ ಬೇರೆ ಅಲ್ಲ ಎಂಬುದು ಸುಲಭವಾಗಿ ಅರ್ಥವಾಗುತ್ತದೆ. ಬೆಲೆ ಏರಿದಾಗ ಉಳ್ಳವರು ಒಂದು ಪ್ರವಾಸ ಕಡಿಮೆ ಮಾಡುತ್ತಾರೆ. ಇಲ್ಲದವರು ಮಕ್ಕಳ ಹಾಲನ್ನು ಕಡಿಮೆ ಮಾಡುತ್ತಾರೆ.

ಮನೆಮಂದಿ ಕುಳಿತು ಮಾತಾಡಲು

ಈ ವಾರ ರಾತ್ರಿ ಊಟವಾದ ಮೇಲೆ ಮಕ್ಕಳೊಂದಿಗೆ, ಹಿರಿಯರೊಂದಿಗೆ ಕುಳಿತು ಈ ಪ್ರಶ್ನೆಗಳನ್ನು ಚರ್ಚಿಸಿ:

1. ನಮ್ಮ ಮನೆಯ ತಿಂಗಳ ಖರ್ಚಿನಲ್ಲಿ ಪೆಟ್ರೋಲ್, ಗ್ಯಾಸು, ಬಸ್ ಚಾರ್ಜು ಸೇರಿ ಎಷ್ಟಾಗುತ್ತದೆ? ಅದು ಇಮ್ಮಡಿಯಾದರೆ ಮೊದಲು ಯಾವುದನ್ನು ಬಿಡುತ್ತೇವೆ? ಅದರಿಂದ ತೊಂದರೆಯಾಗುವುದು ಮನೆಯಲ್ಲಿ ಯಾರಿಗೆ?

2. ನಾವು ತಿನ್ನುವ ತರಕಾರಿಯಲ್ಲಿ ಹತ್ತು ಮೈಲಿಯೊಳಗೆ ಬೆಳೆದದ್ದು ಎಷ್ಟು? ಹಿತ್ತಿಲಲ್ಲಿ, ಮಾಳಿಗೆಯ ಮೇಲೆ ಬೆಳೆಯಬಹುದಾದದ್ದು ಏನು?

3. ಅಜ್ಜ ಅಜ್ಜಿಗೆ ಗೊತ್ತಿದ್ದು ನಮಗೆ ಗೊತ್ತಿಲ್ಲದ ಕೆಲಸಗಳು ಯಾವುವು? ಬೀಜ ಕಾಪಿಡುವುದು, ಗೊಬ್ಬರದ ಗುಂಡಿ ಮಾಡುವುದು, ಎತ್ತು ಹೂಡುವುದು, ಬಟ್ಟೆಗೆ ತೇಪೆ ಹಾಕುವುದು. ಅವರಿರುವಾಗಲೇ ಒಂದನ್ನಾದರೂ ಕಲಿಯಬಹುದೇ?

4. ನಮ್ಮ ಬೀದಿಯಲ್ಲಿ ಬೆಲೆ ಏರಿಕೆ ಎಲ್ಲರಿಗಿಂತ ಮೊದಲು ಯಾವ ಮನೆಗೆ ತಟ್ಟುತ್ತದೆ? ಆ ಮನೆಗೆ ರೇಷನ್ ಕಾರ್ಡು ಇದೆಯೇ? ಇಲ್ಲದಿದ್ದರೆ ಮಾಡಿಸಿಕೊಡಲು ನಮ್ಮಿಂದ ಏನಾದರೂ ಆಗುತ್ತದೆಯೇ?

ನಾಲ್ಕನೆಯ ಪ್ರಶ್ನೆಯನ್ನು ದಯವಿಟ್ಟು ಬಿಟ್ಟುಬಿಡಬೇಡಿ. ಮೊದಲ ಮೂರು ನಮ್ಮ ಮನೆಯನ್ನು ಗಟ್ಟಿ ಮಾಡುತ್ತವೆ. ಆದರೆ ಕೊರತೆಯ ಕಾಲದಲ್ಲಿ ಒಂದು ಮನೆ ಮಾತ್ರ ಗಟ್ಟಿಯಾಗಿದ್ದು ಸುತ್ತಲ ಮನೆಗಳು ಹಸಿದಿದ್ದರೆ ಯಾರಿಗೂ ನೆಮ್ಮದಿಯಿರುವುದಿಲ್ಲ. ಆ ಮನೆಯ ಬಾಗಿಲನ್ನು ಈ ವಾರವೇ ಒಮ್ಮೆ ತಟ್ಟಿ ಬನ್ನಿ.